ಪದಚರ್ಚೆ: ಸೆರೆಯಾಳು ಸರಿ, ‘ರೇಸ್’ಗೆ ಏನನ್ನೋಣ?

ಗೆಳೆಯರೇ,

ಸೈ ಗ್ರಾಂಟ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಏನನ್ನೋಣ ಅನ್ನೋದು ಕಾಡುತ್ತಿದೆ. ಗ್ರಾಂಟ್ ಆಗಿನ ಬ್ರಿಟಿಷ್ ಗಯಾನಾದಲ್ಲಿ 1919ರಲ್ಲಿ ಹುಟ್ಟಿದವರು, ಕಪ್ಪು ಬಣ್ಣದವರು. 1941ರಲ್ಲಿ ಬ್ರಿಟನ್ನಿನ ವಾಯುಪಡೆ (ಆರ್‌ಎಎಫ್) ಸೇರಿ ಲ್ಯಾಂಕಾಸ್ಟರ್ ಬಾಂಬರ್‌ನಲ್ಲಿ ನ್ಯಾವಿಗೇಟರ್ ಆದರು. 1943ರ ಜೂನ್‌ನಲ್ಲಿ ಜರ್ಮನಿಯ ಗೆಲ್ಸೆನ್‌ಕಿರ್ಚೆನ್ ದಾಳಿ ಮುಗಿಸಿ ವಾಪಸ್ ಬರುವಾಗ ವಿಮಾನ ಹಾಲೆಂಡಿನಲ್ಲಿ ಬಿತ್ತು. ಪ್ಯಾರಾಶೂಟಿನಲ್ಲಿ ಇಳಿದವರು ಜರ್ಮನ್ನರ ಕೈಗೆ ಸಿಕ್ಕಿ ಯುದ್ಧ ಮುಗಿಯುವವರೆಗೂ ಶಿಬಿರದಲ್ಲಿದ್ದರು.

ನ್ಯಾವಿಗೇಟರ್‌ಗೆ ‘ನಾವಿಕ’ ಅಂದರೆ ಹಡಗಿನವನಾಗುತ್ತಾನೆ. ‘ಮಾರ್ಗದರ್ಶಕ’ ಅಂದರೆ ಪಿಎಚ್‌ಡಿ ಗೈಡ್! ಲ್ಯಾಂಕಾಸ್ಟರ್‌ನಲ್ಲಿ ಈತ ಪರದೆ ಎಳೆದುಕೊಂಡು, ಪುಟ್ಟ ಮೇಜಿನ ಮುಂದೆ ಸಣ್ಣ ದೀಪದ ಬೆಳಕಲ್ಲಿ ಕೂತು, ವೇಗ, ದಿಕ್ಕು, ಗಾಳಿ, ಗಡಿಯಾರ ಮುಂತಾದವನ್ನು ನಂಬಿ ನಕ್ಷೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುತ್ತ ‘ಈಗ ಎಲ್ಲಿದ್ದೇವೆ’ ಅಂತ ಲೆಕ್ಕ ಹಾಕುವವನು. ಬಾಂಬ್ ಬೀಳಿಸುವವನೇ ಬೇರೆ. ನಾನಂತೂ ನ್ಯಾವಿಗೇಟರ್ ಅಂತಲೇ ಇಟ್ಟಿದ್ದೇನೆ.

‘ಯುದ್ಧಕೈದಿ’ ನನಗೆ ಒಗ್ಗಲ್ಲ. ಕೈದಿ ಅಂದ ಕೂಡಲೇ ಏನೋ ತಪ್ಪು ಮಾಡಿ ಜೈಲು ಸೇರಿದವನು ಅನ್ನಿಸುತ್ತದೆ, ಅಲ್ವಾ? ಸೆರೆಯಾಳು ಸರಿ. ‘ಸೆರೆಹಿಡಿದರು’ ಅಂತ ಬರೆಯೋಣ ಅಂದರೆ ಆ ಮಾತನ್ನು ಈಗ ಫೋಟೊದವರು ಹಾರಿಸಿಕೊಂಡು ಹೋಗಿದ್ದಾರೆ. ಗ್ರಾಂಟ್ ವಿಷಯದಲ್ಲಿ ಎರಡೂ ನಿಜ ಅನ್ನಿ: ಹಿಡಿದ ಮೇಲೆ ಫೋಟೊನೂ ತೆಗೆದರು.

ನನ್ನ ನಿಜವಾದ ತೊಡಕು ಇಲ್ಲಿದೆ. ಆ ಫೋಟೊ ನಾಜಿ ಪಕ್ಷದ ಪತ್ರಿಕೆಯಲ್ಲಿ ಅಚ್ಚಾಯಿತು. ಕೆಳಗಿದ್ದ ಸಾಲಿನ ಅರ್ಥ, ‘ಯಾವ ರೇಸ್ ಎಂದು ಹೇಳಲಾಗದ ಆರ್‌ಎಎಫ್ ಸದಸ್ಯ’. ಹೆಸರಿಲ್ಲ. ‘ಜನಾಂಗ’ ಹಾಕಿದರೆ ಶಾಲೆಯ ಪಾಠದ ಹಾಗೆ ಸಪ್ಪೆಯಾಗುತ್ತದೆ, ಚುಚ್ಚುವುದೇ ಇಲ್ಲ. ‘ಯಾವ ಜಾತಿಯವನೋ’ ಅಂದರೆ ಚುಚ್ಚುತ್ತದೆ, ಆದರೆ ನಮ್ಮೂರಿನ ಗಾಯ ಹೋಗಿ ಬರ್ಲಿನ್‌ನಲ್ಲಿ ಕೂರುತ್ತದೆ. ‘ಕುಲ’ಕ್ಕೂ ಅದೇ ಪಾಡು. ನನಗೆ ‘ತಳಿ’ ಹಿಡಿಸಿದೆ. ಭತ್ತ, ಹಸು, ನಾಯಿಗೆ ನಾವು ತಳಿ ಅನ್ನುತ್ತೇವೆ, ಜರ್ಮನ್ನರೂ ‘ರಾಸ’ ಅನ್ನೋ ಅದೇ ಪದವನ್ನು ನಾಯಿಗೂ ಮನುಷ್ಯರಿಗೂ ಬಳಸುತ್ತಿದ್ದರು. ನಾಜಿಗಳು ಮನುಷ್ಯರನ್ನು ನೋಡಿದ್ದೂ ಹಾಗೇ ತಾನೇ.

ಸುಮ್ನೆ ಒಂದು ವಾಕ್ಯದ ಮಟ್ಟಿಗಾದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮುಂದೆ ವಕೀಲಿಕೆ ಓದಿ, ಬಿಬಿಸಿಯಲ್ಲಿ ಕ್ಯಾಲಿಪ್ಸೊ (ಕೆರಿಬಿಯನ್ ಕಡೆಯ ಜನಪದ ಹಾಡು) ಹಾಡಿ ಹೆಸರಾದ ಗ್ರಾಂಟ್ ಆ ಸಾಲನ್ನೇ ತಮ್ಮ ನೆನಪುಗಳ ಪುಸ್ತಕಕ್ಕೆ ಹೆಸರಾಗಿ ಇಟ್ಟುಕೊಂಡರು. ಹಾಗಾಗಿ ಕನ್ನಡದಲ್ಲಿ ಅದು ಬೈಗುಳವಾಗಿಯೂ ಕೇಳಬೇಕು, ಪುಸ್ತಕದ ಹೆಸರಾಗಿಯೂ ನಿಲ್ಲಬೇಕು. ಮನುಷ್ಯರಿಗೆ ‘ತಳಿ’ ಬಳಸಿದ್ದನ್ನು ಹಳೆಯ ಬರಹಗಳಲ್ಲಾಗಲಿ ನಿಮ್ಮ ಕಡೆಯ ಮಾತಿನಲ್ಲಾಗಲಿ ಯಾರಾದರೂ ನೋಡಿದ್ದೀರಾ?