4–5ನೇ ತರಗತಿಗೆ ಸೆಲ್, ಎಲ್‌ಇಡಿ, ಮೋಟರ್ ಚಟುವಟಿಕೆ: ಕಿಟ್ ಕೊಳ್ಳಬೇಕೇ, ಬಿಡಿ ಸಾಮಾನು ಸಾಕೇ?

ಹಳ್ಳಿಶಾಲೆ_ಟೀಚರ್

ನಮಸ್ಕಾರ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 4 ಮತ್ತು 5ನೇ ತರಗತಿ ಸೇರಿ 34 ಮಕ್ಕಳು. ಶನಿವಾರ ಬೆಳಿಗ್ಗೆ ಎರಡು ಪೀರಿಯಡ್ ಕೂಡಿಸಿ 80 ನಿಮಿಷ ಸಿಗುತ್ತದೆ. ಎಸ್‌ಡಿಎಂಸಿಯವರು (ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ₹3000 ಕೊಡಲು ಒಪ್ಪಿದ್ದಾರೆ. ಕೇಂದ್ರ ಸರ್ಕಾರದ ನೆರವಿನಲ್ಲಿ ಶಾಲೆಗಳಲ್ಲಿ ನಡೆಯುವ ಅಟಲ್ ಟಿಂಕರಿಂಗ್ ಲ್ಯಾಬ್ 6ರಿಂದ 12ನೇ ತರಗತಿಯ ಮಕ್ಕಳಿಗೆ ಇರುವುದರಿಂದ ಆ ದಾರಿ ಈ ಮಕ್ಕಳಿಗಿಲ್ಲ.

ದೀಪ ಉರಿಸುವುದು, ಮೋಟರ್ ತಿರುಗಿಸುವುದು, ಸಾಧ್ಯವಾದರೆ ಮಕ್ಕಳೇ ಮೋಟರ್ ಮಾಡುವುದು, ಇಷ್ಟು ಆಸೆ. ಆನ್‌ಲೈನ್‌ನಲ್ಲಿ ಸಿಗುವ ಕಿಟ್ ಎರಡು ಮೂರು ತರಿಸಲೇ ಅಥವಾ ಬಿಡಿ ಸಾಮಾನು ತರಲೇ? ಎಷ್ಟೆಷ್ಟು ಬೇಕು? ಒಬ್ಬರೇ ಶಿಕ್ಷಕರು 34 ಮಕ್ಕಳನ್ನು ನಿಭಾಯಿಸುವುದು ಹೇಗೆ? ಕಂಪ್ಯೂಟರ್ ಪ್ರೋಗ್ರಾಮಿಂಗ್ ಕೂಡ ಈ ವಯಸ್ಸಿಗೇ ಶುರು ಮಾಡಬೇಕೇ?

ತಂತಿ_ಕತ್ತರಿ

ಮೇಡಂ, ಕಿಟ್ ಬೇಡ. ಮೂರು ಕಿಟ್ ತಂದರೆ ಮೂರು ಮಕ್ಕಳ ಕೈ ಓಡುತ್ತದೆ, ಉಳಿದವರು ಇಣುಕಿ ನೋಡುತ್ತಾರೆ. ಅದರಲ್ಲಿ ಒಂದು ವಿಶೇಷ ಕನೆಕ್ಟರ್ ಕಳೆದರೆ ಇಡೀ ಪೆಟ್ಟಿಗೆ ಬೀರು ಸೇರುತ್ತದೆ. ಬಿಡಿ ಸಾಮಾನಾದರೆ ಕಳೆದದ್ದನ್ನು ಮತ್ತೆ ತರಬಹುದು.

ಮೂವರಿಗೊಂದು ಗುಂಪು ಮಾಡಿ. ಹತ್ತು ಗುಂಪಿನಲ್ಲಿ ಮೂರು ಮೂರು, ಒಂದರಲ್ಲಿ ನಾಲ್ಕು, ಒಟ್ಟು 11. ನಾಲ್ವರಿಗಿಂತ ಹೆಚ್ಚಾದರೆ ಒಬ್ಬರಿಗಾದರೂ ಕೆಲಸವಿರುವುದಿಲ್ಲ. ಒಂದು ಗುಂಪಿನದು ಹೆಚ್ಚುವರಿ ಎಂದು 12ರ ಲೆಕ್ಕದಲ್ಲಿ ತನ್ನಿ:

ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್ 24, ಎರಡು ಸೆಲ್ ಕೂರುವ ಹೋಲ್ಡರ್ 12, 5 ಮಿ.ಮೀ. ಕೆಂಪು ಎಲ್‌ಇಡಿ 50, ಬಿಳಿ ಎಲ್‌ಇಡಿ 20, 100 ಓಮ್ ರೆಸಿಸ್ಟರ್ (ಕರೆಂಟನ್ನು ಮಿತಿಯಲ್ಲಿಡುವ ಬಿಡಿಭಾಗ) 50, ಆಟಿಕೆಯ 3 ವೋಲ್ಟ್ ಮೋಟರ್ 12, ಎರಡೂ ತುದಿಗೆ ಮೊಸಳೆ ಕ್ಲಿಪ್ ಇರುವ ವೈರು 30, ವೈರ್ ಸ್ಟ್ರಿಪ್ಪರ್ 2, ವೋಲ್ಟ್, ಕರೆಂಟ್ ಅಳೆಯಲು ಕಡಿಮೆ ಬೆಲೆಯ ಡಿಜಿಟಲ್ ಮಲ್ಟಿಮೀಟರ್ 1. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರಿದ್ದರೆ ಅವರ ಕೈಲಿ ತರಿಸಿ, ನೂರರ ಪೊಟ್ಟಣ ಕೊಂಡರೆ ಎಲ್‌ಇಡಿ, ರೆಸಿಸ್ಟರ್ ತುಂಬ ಅಗ್ಗ. ನಿಮ್ಮ ಮೊತ್ತದಲ್ಲಿ ಇಷ್ಟೂ ಬಂದು ಮುಂದಿನ ಸೆಲ್‌ಗಳಿಗೂ ಉಳಿಯಬೇಕು.

ಆ ಕ್ಲಿಪ್ ವೈರು ಬಿಟ್ಟು ಬೇರೆ ವೈರಿಗೆ ದುಡ್ಡು ಹಾಕಬೇಡಿ. ಗೋಡೆಗೆ ಎಳೆದ ಹಳೆಯ ಲ್ಯಾನ್ ಕೇಬಲ್ ಒಂದು ಮೀಟರ್ ಸೀಳಿದರೆ ಒಳಗೆ ಬಣ್ಣಬಣ್ಣದ 8 ತಂತಿ. ಅವು ಒಂಟಿ ಎಳೆಯ ತಾಮ್ರ, ಬಗ್ಗಿಸಿದ ಹಾಗೆ ನಿಲ್ಲುತ್ತವೆ. ಹಲವು ಎಳೆಯ ವೈರು ಮಕ್ಕಳ ಕೈಯಲ್ಲಿ ಕೆದರಿ, ಒಂದು ಎಳೆ ಪಕ್ಕದ ತುದಿಗೆ ತಾಗಿ ಶಾರ್ಟ್ ಆಗುತ್ತದೆ. ಸಿಪ್ಪೆಯನ್ನು ಹಲ್ಲಿನಿಂದ ಸುಲಿಯಲು ಬಿಡಬೇಡಿ, ಬೆಂಕಿಕಡ್ಡಿ ಗೀರಿ ಸುಡಲೂ ಬಿಡಬೇಡಿ. ಸುಟ್ಟ ತಂತಿಯ ಮೇಲೆ ಕೂರುವ ಮಸಿಯೇ ಮತ್ತೆ ಕರೆಂಟಿಗೆ ಅಡ್ಡ, ಹೊಗೆಯೂ ಒಳ್ಳೆಯದಲ್ಲ.

ಎಲ್‌ಇಡಿ ಪಾಠವನ್ನು ಒಂದೇ ಸೆಲ್‌ನಿಂದ ಆರಂಭಿಸಿ. ಯಾವ ಗುಂಪಿಗೂ ಹತ್ತುವುದಿಲ್ಲ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಬೇಕು, ಒಂದು ಸೆಲ್ ಕೊಡುವುದು 1.5. ಎರಡನೆಯ ಸೆಲ್ ಕೊಟ್ಟ ಮೇಲೆ ಅರ್ಧ ತರಗತಿಗೆ ಹತ್ತುತ್ತದೆ, ಉಳಿದರ್ಧ ತಿರುವುಮುರುವು ಜೋಡಿಸಿರುತ್ತಾರೆ. ಉದ್ದ ಕಾಲು ಪ್ಲಸ್ ಎಂದು ಮೊದಲೇ ಹೇಳಬೇಡಿ. ಉರಿಯುತ್ತಿರುವ ಗುಂಪಿನದನ್ನು ನೋಡಿ ಅವರೇ ಕಂಡುಕೊಳ್ಳಲಿ, ಹತ್ತು ನಿಮಿಷ ಹೋದರೂ ಹೋಗಲಿ. ಆಮೇಲೆ ಎಲ್‌ಇಡಿಯ ಅಂಚಿನಲ್ಲಿ ಮೈನಸ್ ಕಡೆ ಚಪ್ಪಟೆಯಾಗಿರುವುದನ್ನು ತೋರಿಸಿ, ಕಾಲು ಕತ್ತರಿಸಿದ ಎಲ್‌ಇಡಿಗೆ ಅದು ಸುಲಭದ ಗುರುತು.

ರೆಸಿಸ್ಟರ್ ಕಡ್ಡಾಯ. 3 ವೋಲ್ಟ್‌ನಲ್ಲಿ ಎಲ್‌ಇಡಿ 2 ವೋಲ್ಟ್ ತೆಗೆದುಕೊಂಡರೆ ಉಳಿದ 1 ವೋಲ್ಟ್ 100 ಓಮ್ ಮೇಲೆ ಬಿದ್ದು 10 ಮಿಲಿಆಂಪಿಯರ್ ಹರಿಯುತ್ತದೆ. ಈ ವಯಸ್ಸಿಗೆ ಆ ಲೆಕ್ಕ ಬೇಡ, ಆದರೆ ನಿಮಗೆ ಗೊತ್ತಿರಲಿ. ಪಕ್ಕದ ಗುಂಪಿನಿಂದ ಮೂರನೇ ಸೆಲ್ ಎರವಲು ತಂದು ರೆಸಿಸ್ಟರ್ ಇಲ್ಲದೆ ಕೊಟ್ಟರೆ ಎಲ್‌ಇಡಿ ಸುಟ್ಟುಹೋಗುತ್ತದೆ. 100 ಓಮ್‌ನ ಪಟ್ಟಿ ಕಂದು-ಕಪ್ಪು-ಕಂದು. ಕಂದು-ಕಪ್ಪು-ಕೆಂಪು ಬಂದರೆ ಅದು 1000 ಓಮ್, ಬೆಳಕು ಮಂಕು.

ಇನ್ನೊಂದು ಒಳ್ಳೆಯ ಒಗಟು: ಒಂದೇ ರೆಸಿಸ್ಟರ್‌ನ ಮುಂದೆ ಕೆಂಪು ಮತ್ತು ಬಿಳಿ ಎಲ್‌ಇಡಿಗಳನ್ನು ಅಕ್ಕಪಕ್ಕ ಸಮಾಂತರವಾಗಿ ಜೋಡಿಸಲು ಹೇಳಿ. ಕೆಂಪು ಮಾತ್ರ ಉರಿಯುತ್ತದೆ. ಕೆಂಪನ್ನು ಕಿತ್ತ ತಕ್ಷಣ ಬಿಳಿ, ಸ್ವಲ್ಪ ಮಂಕಾಗಿ, ಹತ್ತುತ್ತದೆ. ಬಿಳಿಗೆ ಹತ್ತಿರ ಹತ್ತಿರ 3 ವೋಲ್ಟ್ ಬೇಕು, ಕೆಂಪು ಜೊತೆಗಿದ್ದರೆ ಅದು ವೋಲ್ಟೇಜನ್ನು 2ರ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಐದನೇ ತರಗತಿಯವರು ಇದರ ಮೇಲೆ ಅರ್ಧ ಗಂಟೆ ವಾದ ಮಾಡುತ್ತಾರೆ, ಮಾಡಲಿ.

ಸುರುಳಿ_ಮೇಷ್ಟ್ರು

ಮೇಲಿನದಕ್ಕೆ ಪೂರ್ತಿ ಒಪ್ಪಿಗೆ. ಮಕ್ಕಳೇ ಮೋಟರ್ ಮಾಡುವ ಬಗ್ಗೆ ಬರೆಯುತ್ತೇನೆ, ಏಕೆಂದರೆ ಇದರಲ್ಲೇ ಹೆಚ್ಚು ಜನ ಸೋತು ಬಿಟ್ಟುಬಿಡುತ್ತಾರೆ, ಕಾರಣ ಬಹಳ ಸಲ ಒಂದೇ ಇರುತ್ತದೆ.

ಗುಂಪಿಗೆ ಬೇಕಾದದ್ದು: ಟಾರ್ಚಿನ ದಪ್ಪ ಸೆಲ್ 1, ದೊಡ್ಡ ಸೇಫ್ಟಿ ಪಿನ್ 2, ಸೈಕಲ್ ಟ್ಯೂಬಿನಿಂದ ಅಡ್ಡಕ್ಕೆ ಕತ್ತರಿಸಿದ ಒಂದೂವರೆ ಸೆಂ.ಮೀ. ಅಗಲದ ಬಳೆ 1, ಕಪ್ಪು ಫೆರೈಟ್ ಅಯಸ್ಕಾಂತ 1, ಎನಾಮಲ್ ತಾಮ್ರದ ತಂತಿ ಸುಮಾರು 1.3 ಮೀಟರ್.

ತಂತಿಯನ್ನು ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿಯಲ್ಲಿ ಕೇಳಿ, 24 ಅಥವಾ 26 ಗೇಜ್ (ತಂತಿಯ ದಪ್ಪದ ಅಳತೆ) ಎಂದು ಹೇಳಿ. ಫ್ಯಾನ್ ಸುತ್ತುವ ತಂತಿ ತೀರ ತೆಳು, ಸುರುಳಿಯ ಭಾರಕ್ಕೆ ಬಾಗಿಹೋಗುತ್ತದೆ. ಸಬ್‌ಮರ್ಸಿಬಲ್ ಮೋಟರಿನದು ಪ್ಲಾಸ್ಟಿಕ್ ಹೊದಿಕೆಯದು, ಅದೂ ಬೇಡ. 26 ಗೇಜ್ ಮೀಟರಿಗೆ ಒಂದೂವರೆ ಗ್ರಾಂ ತೂಗುತ್ತದೆ, 100 ಗ್ರಾಂ ತಂದರೆ 50 ಸುರುಳಿ ಆಗುತ್ತವೆ. ಪ್ರತಿ ಮಗುವೂ ತನ್ನದೊಂದು ಸುತ್ತಬಹುದು.

ಸುಮಾರು 2.5 ಸೆಂ.ಮೀ. ವ್ಯಾಸದ ಮಾರ್ಕರ್ ಪೆನ್ ಅಥವಾ ಪೈಪಿನ ತುಂಡಿನ ಮೇಲೆ 15 ಸುತ್ತು. ಎರಡೂ ತುದಿ 5 ಸೆಂ.ಮೀ. ಉಳಿಯಲಿ. ಸುರುಳಿ ಬಿಚ್ಚದಂತೆ ತುದಿಗಳನ್ನು ಎದುರುಬದುರು ಜಾಗದಲ್ಲಿ ಎರಡೆರಡು ಸಲ ಸುತ್ತಿ, ಒಂದೇ ನೇರದಲ್ಲಿ ಹೊರಗೆ ಚಾಚಿಸಿ. ಈ ನೇರ ತಪ್ಪಿದರೆ ಸುರುಳಿಯ ಭಾರದ ಕಡೆ ಯಾವಾಗಲೂ ಕೆಳಗೆ ಬಂದು ನಿಲ್ಲುತ್ತದೆ. ತುದಿಗಳನ್ನು ಬೆರಳ ಮೇಲೆ ಇಟ್ಟು ಉರುಳಿಸಿ ನೋಡಿದರೆ ತಿಳಿಯುತ್ತದೆ.

ಈಗ ಮುಖ್ಯ ಕೆಲಸ, ಎನಾಮಲ್ ಕೆರೆಯುವುದು. ತಂತಿ ಬರಿಗಣ್ಣಿಗೆ ತಾಮ್ರದಂತೆಯೇ ಕಂಡರೂ ಮೇಲೆ ಪಾರದರ್ಶಕ ಲೇಪವಿದೆ. ಒಂದು ತುದಿಯನ್ನು ಸ್ಯಾಂಡ್ ಪೇಪರಿನಲ್ಲಿ ಹಿಡಿದು ಸುತ್ತಲೂ ಕೆರೆಯಿರಿ, ಬಣ್ಣ ತಿಳಿಯಾಗಿ ಹೊಳೆಯಬೇಕು. ಇನ್ನೊಂದು ತುದಿಯಲ್ಲಿ ಅರ್ಧ ಮಾತ್ರ: ಸುರುಳಿಯನ್ನು ಚಕ್ರದಂತೆ ನೆಟ್ಟಗೆ ನಿಲ್ಲಿಸಿ ಹಿಡಿದು, ತುದಿಯನ್ನು ಮೇಜಿನ ಅಂಚಿಗೆ ಒತ್ತಿ, ಮೇಲ್ಮುಖವನ್ನಷ್ಟೇ ಕೆರೆಯಬೇಕು. ಎರಡೂ ತುದಿಯನ್ನು ಪೂರ್ತಿ ಕೆರೆದರೆ ಪ್ರತಿ ಅರ್ಧ ಸುತ್ತಿಗೆ ಬಲದ ದಿಕ್ಕು ಬದಲಾಗಿ ಸುರುಳಿ ತೊಟ್ಟಿಲಂತೆ ಅತ್ತಿತ್ತ ತೂಗುತ್ತದೆ, ತಿರುಗುವುದಿಲ್ಲ. ಅರ್ಧ ಲೇಪ ಉಳಿದರೆ ಎದುರು ಬಲ ಬರುವ ಹೊತ್ತಿಗೆ ಕರೆಂಟ್ ಕಡಿದು, ಸುರುಳಿ ತನ್ನ ವೇಗದಲ್ಲೇ ದಾಟಿಹೋಗುತ್ತದೆ. ಸುರುಳಿಯನ್ನು ಮೇಜಿನ ಮೇಲೆ ಮಲಗಿಸಿ ಕೆರೆದರೂ ತಿರುಗುವುದಿಲ್ಲ. ಕರೆಂಟ್ ಹರಿಯುವ ಅರ್ಧದಲ್ಲಿ ಮೊದಲ ಕಾಲು ಭಾಗ ಮುಂದೆ ತಳ್ಳಿ ಉಳಿದ ಕಾಲು ಭಾಗ ಹಿಂದೆ ತಳ್ಳುತ್ತದೆ. ನಾನು ಹೇಳಿದ ಆ ಒಂದು ಕಾರಣ ಇದೇ.

ಪಿನ್ನುಗಳನ್ನು ಸೆಲ್ಲಿನ ಎರಡು ತುದಿಗೆ ಟ್ಯೂಬ್ ಬಳೆಯಿಂದ ಬಿಗಿದು, ಕಣ್ಣು (ಪಿನ್ನಿನ ತುದಿಯ ದುಂಡು ರಂಧ್ರ) ಮೇಲಿರುವಂತೆ ನಿಲ್ಲಿಸಿ. ಆ ಎರಡು ಕಣ್ಣುಗಳಲ್ಲಿ ಸುರುಳಿಯ ತುದಿಗಳನ್ನು ತೂರಿಸಿ. ಅಯಸ್ಕಾಂತ ಸೆಲ್ಲಿನ ಮೈಮೇಲೆ ತಾನಾಗಿ ಕಚ್ಚಿಕೊಳ್ಳುತ್ತದೆ. ಸುರುಳಿಗೂ ಅದಕ್ಕೂ 3ರಿಂದ 5 ಮಿ.ಮೀ. ಅಂತರ. ಬೆರಳಿನಿಂದ ಮೆಲ್ಲಗೆ ತಳ್ಳಿ. ಒಂದು ಕಡೆಗೆ ಹೋಗದಿದ್ದರೆ ಇನ್ನೊಂದು ಕಡೆಗೆ ತಳ್ಳಿ, ಇದು ಒಂದೇ ದಿಕ್ಕಿಗೆ ತಿರುಗುವ ಮೋಟರ್. ಅಯಸ್ಕಾಂತ ಮಗುಚಿದರೆ ದಿಕ್ಕು ಬದಲಾಗುತ್ತದೆ.

ಎಚ್ಚರಿಕೆ: ಸುರುಳಿಯ ರೋಧ ಒಂದು ಓಮ್‌ನ ಐದನೇ ಒಂದು ಭಾಗವೂ ಇಲ್ಲ. ತಿರುಗದೆ ನಿಂತರೆ ಅದು ಸೆಲ್ಲಿಗೆ ನೇರ ಶಾರ್ಟ್. ತಂತಿಯೂ ಪಿನ್ನೂ ಬಿಸಿಯಾಗುತ್ತವೆ. ನಿಂತ ಸುರುಳಿಯನ್ನು ತಕ್ಷಣ ಎತ್ತಿಬಿಡುವುದು ನಿಯಮವಾಗಲಿ. ಸಾಮಾನ್ಯ ಜಿಂಕ್ ಸೆಲ್ ಬಳಸಿ, ಆಲ್ಕಲೈನ್ ಇನ್ನೂ ಹೆಚ್ಚು ಕರೆಂಟ್ ಕೊಟ್ಟು ಹೆಚ್ಚು ಬಿಸಿಯಾಗುತ್ತದೆ.

80 ನಿಮಿಷದಲ್ಲಿ ಇದು ಮುಗಿಯದು. ಒಂದು ಶನಿವಾರ ಸುತ್ತುವುದು ಮತ್ತು ನೇರ ಮಾಡುವುದು, ಮುಂದಿನ ವಾರ ಕೆರೆದು ತಿರುಗಿಸುವುದು.

ಹಳ್ಳಿಶಾಲೆ_ಟೀಚರ್

ಇಬ್ಬರಿಗೂ ಧನ್ಯವಾದ. ಇನ್ನೂ ಮೂರು ಪ್ರಶ್ನೆ. ಒಂದು, ವೈರಿನ ಬದಲು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಪಟ್ಟಿ ರಟ್ಟಿಗೆ ಅಂಟಿಸಿದರೆ ಎಲ್‌ಇಡಿ ಮಿನುಗಿ ಆರುತ್ತದೆ, ಏಕೆ? ಎರಡು, ಮಕ್ಕಳು ಗಡಿಯಾರದಿಂದ ತೆಗೆದ ಹಳೆ ಸೆಲ್ ತರುತ್ತಾರೆ, ಬಳಸಬಹುದೇ? ಮೂರು, ಹಾಳಾದ ಸಾಮಾನು ಬಿಚ್ಚಿ ನೋಡುವ ಚಟುವಟಿಕೆಯಲ್ಲಿ ಯಾವುದು ಕೊಡಬಹುದು, ಯಾವುದು ಕೂಡದು?

ತಂತಿ_ಕತ್ತರಿ

ಫಾಯಿಲ್: ಅಲ್ಯೂಮಿನಿಯಂ ಮೇಲೆ ಗಾಳಿಗೆ ತಾನಾಗಿ ಆಕ್ಸೈಡ್ ಪದರ ಕೂರುತ್ತದೆ, ಅದು ಕರೆಂಟ್ ಬಿಡುವುದಿಲ್ಲ. ಒತ್ತಿದಾಗ ಪದರ ಒಡೆದು ಹತ್ತುತ್ತದೆ, ಕೈ ಬಿಟ್ಟರೆ ಆರುತ್ತದೆ. ಎಲ್‌ಇಡಿಯ ಕಾಲನ್ನು ಫಾಯಿಲ್ ಮೇಲೆ ಸುಮ್ಮನೆ ಇಡದೆ, ಫಾಯಿಲ್ ತುದಿಯನ್ನು ಕಾಲಿಗೆ ಮೂರು ಸುತ್ತು ಸುತ್ತಿ, ಮೇಲೆ ಬಟ್ಟೆ ಕ್ಲಿಪ್ ಹಾಕಿ. ಮೂಲೆಯಲ್ಲಿ ಪಟ್ಟಿ ಕತ್ತರಿಸಿ ಇನ್ನೊಂದು ತುಂಡು ಅಂಟಿಸಬೇಡಿ. ನಡುವೆ ಗೋಂದು ಬಂದು ಕೂರುತ್ತದೆ. ಒಂದೇ ಪಟ್ಟಿಯನ್ನು ಮಡಚಿ ತಿರುಗಿಸಿ. ತಾಮ್ರದ ಟೇಪಿಗೂ ಇದೇ ಮಾತು, ಕೆಲವು ಬ್ರ್ಯಾಂಡಿನ ಅಂಟು ಕರೆಂಟ್ ಬಿಡುವುದಿಲ್ಲ.

ಹಳೆ ಸೆಲ್: ಎಲ್‌ಇಡಿಗೆ ಆಗಬಹುದು, ಮೋಟರಿಗೆ ಆಗದು. ಮಲ್ಟಿಮೀಟರ್ 1.3 ವೋಲ್ಟ್ ತೋರಿಸಿದರೂ ನಂಬಬೇಡಿ, ಮೋಟರ್ ಜೋಡಿಸಿದ ಕ್ಷಣ ಬಿದ್ದುಹೋಗುತ್ತದೆ. ಮೋಟರ್ ಜೋಡಿಸಿಟ್ಟುಕೊಂಡೇ ಅಳೆಯಿರಿ. ಹೊಸದು ಹಳೆಯದು ಒಂದೇ ಹೋಲ್ಡರಿನಲ್ಲಿ ಬೆರೆಸಬೇಡಿ, ಹಳೆಯದು ಸೋರುತ್ತದೆ.

ಹತ್ತದ ಗುಂಪು ನಿಮ್ಮನ್ನು ಕರೆಯುವ ಮೊದಲು ತಾವೇ ನೋಡಬೇಕಾದ ಕ್ರಮವನ್ನು ಗೋಡೆಗೆ ಅಂಟಿಸಿ: ಸೆಲ್ ಎರಡೂ ಸರಿ ದಿಕ್ಕಿಗೆ ಇವೆಯೇ, ಹೋಲ್ಡರಿನ ಸ್ಪ್ರಿಂಗ್ ತಾಗಿದೆಯೇ, ಎಲ್‌ಇಡಿ ತಿರುಗಿಸಿ ನೋಡಿದಿರಾ, ಕ್ಲಿಪ್ ಕಚ್ಚಿರುವುದು ತಾಮ್ರವನ್ನೋ ಪ್ಲಾಸ್ಟಿಕ್ ಸಿಪ್ಪೆಯನ್ನೋ, ಹತ್ತುತ್ತಿರುವ ಗುಂಪಿನ ಎಲ್‌ಇಡಿ ತಂದು ಹಾಕಿದರೆ ಹತ್ತುತ್ತದೆಯೇ. 34 ಮಕ್ಕಳನ್ನು ಒಬ್ಬರು ನಿಭಾಯಿಸುವುದು ಈ ಪಟ್ಟಿಯಿಂದಲೇ. ದೋಷ ಹುಡುಕುವುದೇ ಇಲ್ಲಿ ಕಲಿಕೆ, ಅದನ್ನು ನೀವು ಓಡಿ ಹೋಗಿ ಮಾಡಿಕೊಟ್ಟರೆ ಮಕ್ಕಳಿಗೆ ಉಳಿಯುವುದು ದೀಪ ನೋಡಿದ ಖುಷಿ ಮಾತ್ರ.

ಹಳೆ_ರೇಡಿಯೊ

ಬಿಚ್ಚುವುದಕ್ಕೆ ಒಳ್ಳೆಯವು: ಸೆಲ್ ಆಟಿಕೆ, ಗೋಡೆ ಗಡಿಯಾರ, ಕ್ಯಾಲ್ಕ್ಯುಲೇಟರ್, ಕಂಪ್ಯೂಟರ್ ಮೌಸ್, ಕೀಬೋರ್ಡ್. ಗಡಿಯಾರದ ಹಲ್ಲುಚಕ್ರಗಳೇ ಒಂದು ಪೂರ್ತಿ ಪಾಠ. ಪ್ಲಸ್ ಸ್ಕ್ರೂಡ್ರೈವರ್ ಸಣ್ಣದೆರಡು ಅಳತೆ ಇರಲಿ. ದೊಡ್ಡದನ್ನು ಸಣ್ಣ ಸ್ಕ್ರೂಗೆ ಒತ್ತಿ ತಿರುಗಿಸಿದರೆ ತಲೆ ಸವೆದು ಮತ್ತೆ ಬಿಚ್ಚಲಾಗದು. ಬಿಚ್ಚಿದ ಸ್ಕ್ರೂಗಳನ್ನು ಬಿಳಿ ಹಾಳೆಯ ಮೇಲೆ, ಎಲ್ಲಿಂದ ತೆಗೆದದ್ದೋ ಆ ಚಿತ್ರ ಬರೆದು ಅಲ್ಲೇ ಇಡಿಸಿ.

ಕೂಡದವು: ಸಿಎಫ್‌ಎಲ್ ಮತ್ತು ಟ್ಯೂಬ್‌ಲೈಟ್ (ಒಳಗೆ ಪಾದರಸ), ಫ್ಲ್ಯಾಶ್ ಇರುವ ಹಳೆ ಕ್ಯಾಮೆರಾ (ಸೆಲ್ ತೆಗೆದ ಮೇಲೂ ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರಬಹುದು), ಹಳೆ ಡಬ್ಬಾ ಟಿವಿ, ಮೈಕ್ರೋವೇವ್, ಮೊಬೈಲ್ ಮತ್ತು ಪವರ್ ಬ್ಯಾಂಕಿನ ಲಿಥಿಯಂ ಬ್ಯಾಟರಿ. ಗೋಡೆಯ ಪ್ಲಗ್ಗಿಗೆ ಹೋಗುವ ಯಾವುದನ್ನೇ ಕೊಟ್ಟರೂ ಮೊದಲು ದೊಡ್ಡವರು ವೈರನ್ನು ಬುಡದಲ್ಲೇ ಕತ್ತರಿಸಿ, ಪ್ಲಗ್ ಎಸೆದಿರಬೇಕು. ಇಲ್ಲದಿದ್ದರೆ ಯಾರಾದರೊಬ್ಬರು ಸಿಕ್ಕಿಸಿಯೇ ನೋಡುತ್ತಾರೆ.

ಬಟನ್ ಸೆಲ್ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಎಲ್‌ಇಡಿ ಕಾರ್ಡ್ ಮಾಡುವ ವಿಡಿಯೊಗಳಲ್ಲಿ 3 ವೋಲ್ಟ್ ನಾಣ್ಯದಂಥ ಸೆಲ್ ತೋರಿಸುತ್ತಾರೆ. ಪ್ರಾಥಮಿಕ ಶಾಲೆಗೆ ಅದನ್ನು ತರಲೇಬೇಡಿ. ಮನೆಗೆ ಒಯ್ದ ಕಾರ್ಡಿನಿಂದ ಬಿದ್ದದ್ದನ್ನು ಚಿಕ್ಕ ತಮ್ಮನೋ ತಂಗಿಯೋ ನುಂಗಿದರೆ, ಅದು ಅನ್ನನಾಳದಲ್ಲಿ ಸಿಕ್ಕಿ ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡುತ್ತದೆ. ಬಿಚ್ಚಲು ತಂದ ಕ್ಯಾಲ್ಕ್ಯುಲೇಟರ್, ಹಾಡುವ ಆಟಿಕೆಗಳಲ್ಲೂ ಇವು ಇರುತ್ತವೆ. ಮಕ್ಕಳ ಕೈಗೆ ಕೊಡುವ ಮೊದಲೇ ನೀವು ತೆಗೆದು, ಎರಡೂ ಮುಖಕ್ಕೆ ಟೇಪ್ ಸುತ್ತಿ ಬೀಗದೊಳಗೆ ಇಡಿ. ಗಡಿಯಾರದ ಸೆಲ್ ಎರಡು ಹೋಲ್ಡರಿನಲ್ಲಿ ಹಾಕಿದರೆ ಅದೇ 3 ವೋಲ್ಟ್.

ಬ್ಲಾಕ್_ಜೋಡಣೆ

ಪ್ರೋಗ್ರಾಮಿಂಗ್ ಪ್ರಶ್ನೆಗೆ: ಕಂಪ್ಯೂಟರ್ ಇದ್ದರೆ 5ನೇ ತರಗತಿಗೆ ಸ್ಕ್ರ್ಯಾಚ್ (ತುಂಡುಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಮಕ್ಕಳ ತಂತ್ರಾಂಶ) ಸರಿಹೋಗುತ್ತದೆ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಬಿಟ್ಟದ್ದು, ಉಚಿತ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಆದರೆ ಈ ₹3000ದಲ್ಲಿ ಒಂದು ರೂಪಾಯಿಯನ್ನೂ ಪ್ರೋಗ್ರಾಮ್ ಹಾಕಿ ದೀಪ, ಮೋಟರ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಹಾಕಬೇಡಿ. ವಿದ್ಯುತ್ ಮಂಡಲ ಎಲ್ಲಿ ಕಡಿದಿದೆ ಎಂದು ಹುಡುಕಲು ಬಾರದ ಮಗುವಿಗೆ ಬೋರ್ಡ್ ಕೊಟ್ಟರೆ, ತಪ್ಪು ವೈರಿನದೋ ಪ್ರೋಗ್ರಾಮಿನದೋ ತಿಳಿಯದೆ ಕೈಚೆಲ್ಲುತ್ತದೆ.

ಮೋಟರ್ ಸಿಕ್ಕ ಮೇಲೆ ಗೀಚುವ ಯಂತ್ರ ಮಾಡಿಸಿ. ಪೇಪರ್ ಕಪ್ ಬೋರಲು ಹಾಕಿ, ಮೂರು ಸ್ಕೆಚ್ ಪೆನ್ ಕಾಲುಗಳಂತೆ ಟೇಪಿನಿಂದ ಕಟ್ಟಿ, ಮೇಲೆ ಮೋಟರ್, ಅದರ ಕಡ್ಡಿಗೆ 1 ಸೆಂ.ಮೀ. ರಬ್ಬರ್ ತುಂಡನ್ನು ನಡುವಿನಿಂದ ಸರಿಸಿ ಚುಚ್ಚಿ. ಒಂದೇ ಸೆಲ್ ಸಾಕು, ಎರಡು ಕೊಟ್ಟರೆ ಕುಣಿದು ಮಗುಚುತ್ತದೆ. ರಬ್ಬರ್ ದೊಡ್ಡದಾದರೆ ಮೋಟರ್ ಏಳುವುದಿಲ್ಲ. ಮೋಟರನ್ನು ಸಡಿಲವಾಗಿ ಅಂಟಿಸಿದರೆ ನಡುಕವೆಲ್ಲ ಟೇಪಿನಲ್ಲೇ ಮುಗಿದು ಕಪ್ ಕದಲುವುದಿಲ್ಲ. ಒಂದು ಪೆನ್ನನ್ನು ಅರ್ಧ ಸೆಂ.ಮೀ. ಎತ್ತರಿಸಿದರೆ ಚಿತ್ರ ಹೇಗೆ ಬದಲಾಗುತ್ತದೆ ಎಂದು ಮೊದಲೇ ಬರೆಸಿ, ಆಮೇಲೆ ಓಡಿಸಿ ನೋಡಲು ಹೇಳಿ.