ವಾಡೆ ಮ್ಯೂಸಿಯಂ ಆದರೆ ಹೊಲದ ವೀರಗಲ್ಲು ಅಲ್ಲಿಗೆ ಬರಬೇಕಾ?

ಗದಗ ಮಾಸ್ತರ: ನಮ್ಮೂರಿನ ಹಳೇ ವಾಡೆ, ಅಂದರೆ ಹಿರೇ ಮನೆತನದ ದೊಡ್ಡ ಮನೆ, ಎರಡು ತಲೆಮಾರಿನಿಂದ ಖಾಲಿ ಬಿದ್ದಿದೆ. ಮ್ಯೂಸಿಯಂ ಮಾಡುವುದಾದರೆ ಬಿಟ್ಟುಕೊಡುತ್ತೇವೆ ಅಂತ ಮನೆಯವರು ಹೇಳಿದ್ದಾರೆ. ಸುತ್ತಲಿನ ಹಳ್ಳಿಗಳ ವೀರಗಲ್ಲು (ಕಾಳಗದಲ್ಲಿ ಮಡಿದವರ ನೆನಪಿನ ಕಲ್ಲು), ಮಾಸ್ತಿಗಲ್ಲು (ಸತಿ ಹೋದವರ ನೆನಪಿನ ಕಲ್ಲು), ಶಾಸನ ಎಲ್ಲವನ್ನೂ ಅದರ ಪಡಸಾಲೆಗೆ ತರಬೇಕು ಅನ್ನುವುದು ನನ್ನ ಆಸೆ. ಕೆರೆ ದಂಡೆಯ ವೀರಗಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ. ಗುಡಿ ಮುಂದಿನ ಶಾಸನಕ್ಕೆ ಆಯಿಲ್ ಪೇಂಟ್ ಬಳಿದು ಅಕ್ಷರವೇ ಕಾಣುತ್ತಿಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ.

ತುಂಗಭದ್ರೆ ದಂಡೆ: ಮಾಸ್ತರೇ, ನಿಮ್ಮ ಸಂಕಟ ನನಗೂ ಇದೆ. ಆದರೂ ಕಲ್ಲು ಕೀಳಬೇಡಿ. ದಾನಶಾಸನದಲ್ಲಿ ಏನಿರುತ್ತದೆ? ಯಾವ ಕೆರೆಯ ಕೆಳಗೆ, ಯಾವ ದಾರಿಯ ಪಕ್ಕ, ಎಷ್ಟು ಮತ್ತರು (ಆಗಿನ ನೆಲದ ಅಳತೆ) ಹೊಲ ಅಂತ. ಅಲ್ಲೇ ನಿಂತು ಓದಿದರೆ ಆ ಕೆರೆ, ಆ ದಾರಿ ಕಣ್ಣೆದುರೇ ಇರುತ್ತವೆ. ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರನ್ನೇ ನೋಡಿ. 1965ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಅಲ್ಲಿ ಅಗೆದರು. ಅಲ್ಲಿನ ಕಬ್ಬಿಣ ಸುಮಾರು 3000 ವರ್ಷ ಹಿಂದಿನದು ಅಂತ ತಿಳಿದದ್ದು ಅದೇ ಪದರದಲ್ಲಿ ಸಿಕ್ಕ ಇದ್ದಿಲಿನ ವಯಸ್ಸು ಅಳೆದದ್ದರಿಂದ. ಯಾರಾದರೂ ಆ ಕಬ್ಬಿಣವನ್ನು ಸುಮ್ನೆ ಆರಿಸಿ ಮನೆಗೆ ಒಯ್ದಿದ್ದರೆ ಅದು ಬರೀ ತುಕ್ಕು.

ಬೆಟಗೇರಿ ಅಕ್ಕ: ಇಬ್ಬರೂ ಕಲ್ಲಿನ ಮಾತೇ ಆಡುತ್ತಿದ್ದೀರಿ. ವಾಡೆಯ ಮಾತು ಯಾರೂ ಎತ್ತಲಿಲ್ಲ! ಶಿಲ್ಪ ನೋಡಬೇಕು ಅಂದರೆ ಲಕ್ಕುಂಡಿಯಲ್ಲಿ ಮ್ಯೂಸಿಯಂ ಇದೆ. ಹಗೇವು ಎಲ್ಲಿ ನೋಡುತ್ತೀರಿ? ನಮ್ಮ ತವರು ಮನೆಯಲ್ಲಿ ಇತ್ತು. ನೆಲದೊಳಗೆ ತೋಡಿದ ಕಣಜ. ಒಳಗೆ ಸುತ್ತಲೂ ಹುಲ್ಲು ಒತ್ತಿ ಜೋಳ ತುಂಬುತ್ತಿದ್ದರು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟುತ್ತದೆ. ಅಜ್ಜ ಮೊದಲು ಕಂದೀಲು ಇಳಿಬಿಡುತ್ತಿದ್ದ. ದೀಪ ಆರಿತೋ, ಮತ್ತೆ ಕಾಯಬೇಕು. ಮಳೆ ಕೈಕೊಟ್ಟ ವರ್ಷ ಆ ಜೋಳವೇ ಊಟ. ಇದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲು ಆಗುತ್ತದಾ? ಬಿತ್ತುವ ಕೂರಿಗೆ, ಬೀಸುವ ಕಲ್ಲು, ಹಳೇ ಬಟ್ಟೆ ಹೊಲಿದ ಕೌದಿ ಕೂಡ ಇರಲಿ. ಗವಂತಿ, ಮುರ್ಗಿ ಹೊಲಿಗೆಯ ಕಸೂತಿ ಸೀರೆಯೂ ಇರಲಿ, ಜೊತೆಗೆ ಆ ಹೊಲಿಗೆ ಹಾಕಿ ತೋರಿಸುವ ಹೆಣ್ಣುಮಗಳೂ ಇರಬೇಕು.

ಧಾರವಾಡ ವಿದ್ಯಾರ್ಥಿ: ಅಕ್ಕಾ, ಹಗೇವಿನ ಮಾತು ನನಗೆ ಹೊಸದು, ಇನ್ನೂ ಬರೆಯಿರಿ. ಮಾಸ್ತರಿಗೆ ಒಂದು ಮಾತು. 1972ರ ಪ್ರಾಚೀನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಶಿಲ್ಪ, ಶಾಸನ ಪ್ರಾಚೀನ ವಸ್ತುಗಳು. ಟ್ರ್ಯಾಕ್ಟರ್‌ಗೆ ಹೇರಿಕೊಂಡು ಬರುವುದು ಬೇಡ, ಮೊದಲು ಪುರಾತತ್ವ ಇಲಾಖೆಗೆ ತಿಳಿಸಿ. 1939ರಲ್ಲಿ ಶುರುವಾದ ನಮ್ಮ ಕನ್ನಡ ಸಂಶೋಧನ ಸಂಸ್ಥೆ ಶಾಸನಗಳ ಸಂಪುಟಗಳನ್ನೇ ತಂದಿದೆ. ಕಲ್ಲು ಅಲ್ಲೇ ಇರಲಿ, ಅದರ ಮೇಲೆ ಕಾಗದ ಒತ್ತಿ ತೆಗೆದ ಅಚ್ಚು ವಾಡೆಯ ಗೋಡೆಗೆ ಬರಲಿ. ಆ ಮಣ್ಣಿನ ಗೋಡೆಗೆ ಸಿಮೆಂಟ್ ಮಾತ್ರ ಬಳಿಯಬೇಡಿ. ತೇವ ಒಳಗೇ ಉಳಿದು ಗೋಡೆ ಕೆಡುತ್ತದೆ.

ಗದಗ ಮಾಸ್ತರ: ಅಚ್ಚಿನ ಮಾತು ಒಪ್ಪಿದೆ. ಆದರೆ ಕಳ್ಳರು ಬಂದು ಒಯ್ದರೆ ಅಚ್ಚು ಇಟ್ಟುಕೊಂಡು ಏನು ಮಾಡಲಿ? ರಸ್ತೆ ಅಗಲ ಮಾಡುವಾಗ ಕಿತ್ತು ಚರಂಡಿಗೆ ಎಸೆದ ಕಲ್ಲುಗಳೂ ಇವೆ. ಅವುಗಳ ಮೂಲ ಜಾಗವೇ ಹೋಗಿದೆ. ಇಲಾಖೆಯನ್ನು ಕೇಳಿ ಅವನ್ನಾದರೂ ತಂದೇ ತರುತ್ತೇನೆ.

ತುಂಗಭದ್ರೆ ದಂಡೆ: ಅವನ್ನು ತನ್ನಿ, ನನ್ನ ತಕರಾರಿಲ್ಲ. ಎಲ್ಲಿ ಸಿಕ್ಕಿತು ಅಂತ ಅವತ್ತೇ ಬರೆದಿಡಿ. ನಿಂತ ಕಲ್ಲಿಗೆ ಊರವರೇ ಕಾವಲು. ನಮ್ಮಲ್ಲೂ ಒಂದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಕೆಳಗಿನ ಸಾಲಿನಲ್ಲಿ ದನ ಬಿಡಿಸಲು ಹೋದವನ ಕಾಳಗ, ನಡುವೆ ಅಪ್ಸರೆಯರು ಅವನನ್ನು ಒಯ್ಯುವುದು, ಮೇಲೆ ಶಿವನ ಮುಂದೆ ಕೂತಿರುವುದು. ಒಮ್ಮೆ ಕೂತು ಇಷ್ಟನ್ನು ತೋರಿಸಿದೆವು. ಮರುವಾರ ಅವರೇ ಬೇರೆ ಕಲ್ಲು ಹಾಕಿಕೊಂಡರು.

ಬೆಟಗೇರಿ ಅಕ್ಕ: ಮಾಸ್ತರೇ, ಆ ವಾಡೆಯಲ್ಲಿ ಹಗೇವು ಇದೆಯಾ? ಇದ್ದರೆ ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಿಸಬೇಡಿ. ಬರುವ ಭಾನುವಾರ ನಾನೇ ಬಂದು ನೋಡುತ್ತೇನೆ.