ಸ್ಟೇ ಇಲ್ಲ ಅಂತ ಮಾರಬೇಡಪ್ಪಾ

ಅಳಿಯಾ, ನಿನ್ನ ಮೆಸೇಜು ಬೆಳಿಗ್ಗೇನೇ ನೋಡ್ದೆ. ಟೈಪ್ ಮಾಡೋಕೆ ಆಗಲ್ಲ, ಮಾತಲ್ಲೇ ಹೇಳ್ತೀನಿ, ಪೂರ್ತಿ ಕೇಳು. ನಿಮ್ಮ ಸೋದರತ್ತೆಯರು ಪಾಲಿಗೆ ದಾವೆ ಹಾಕಿದಾರೆ, ಆದ್ರೆ ಸ್ಟೇ, ಅಂದ್ರೆ ಮಾರಬಾರದು ಅನ್ನೋ ಕೋರ್ಟಿನ ತಡೆಯಾಜ್ಞೆ, ಸಿಕ್ಕಿಲ್ಲ, ಕೆರೆ ಕೆಳಗಿನ ಎರಡು ಎಕರೆ ಮಾರಿ ಮಗಳ ಫೀಸು ಕಟ್ಟಲಾ ಅಂತ ಕೇಳಿದೀಯ.

ಸ್ಟೇ ಇಲ್ದೇ ಇದ್ರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಕ್ರಯಪತ್ರ ಆಗ್ಬೋದು, ನಿಜ. ಆದ್ರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಂಗೆ ಸ್ಟೇ ಬೇಕಾಗಿಲ್ಲ. ದಾವೆ ಹಾಕಿದ ದಿನದಿಂದ ಡಿಕ್ರಿ, ಅಂದ್ರೆ ತೀರ್ಪಿನ ಆದೇಶ, ಪೂರ್ತಿ ಜಾರಿ ಆಗೋವರೆಗೂ, ಅಪೀಲೂ ಸೇರಿ, ಏನೇ ಮಾರಿದ್ರೂ ಕೋರ್ಟಿನ ತೀರ್ಪಿಗೆ ಅದು ಬದ್ಧ. ಕ್ರಯ ರದ್ದಾಗಲ್ಲ, ಆದ್ರೆ ಆ ಎರಡೆಕರೆಯೇ ಅತ್ತೆಯರ ಪಾಲಿಗೆ ಹೋದ್ರೆ ಕೊಂಡವನ ಕೈಗೆ ಬರೀ ಕಾಗದ. 'ಕೇಸಿರೋದು ಗೊತ್ತಿರ್ಲಿಲ್ಲ' ಅಂದ್ರೂ ನಡೆಯಲ್ಲ. ಮಾರಿದ ಜಾಗವನ್ನ ಮಾರಿದವನ ಪಾಲಿಗೇ ಇಡಿ ಅಂತ ಕೊಂಡವರು ಕೇಳ್ಕೋಬಹುದು, ಕೋರ್ಟು ಒಪ್ಪಲೇಬೇಕು ಅಂತೇನಿಲ್ಲ.

ಇದು ನಂಗೆ ಆಗಿದೆ, ಅದಕ್ಕೇ ಇಷ್ಟು ಹೇಳ್ತಿರೋದು. 1996ರಲ್ಲಿ ಒಂದು ಸೈಟು ತಗೊಂಡೆ. ಇಸಿ, ಅಂದ್ರೆ ಋಣಭಾರ ಪತ್ರ, ತೆಗೆಸಿ ನೋಡಿದ್ದೆ, ಏನೂ ಇರ್ಲಿಲ್ಲ. ಇಸಿಲಿ ಬರೋದು ರಿಜಿಸ್ಟರ್ ಆದ ಪತ್ರಗಳು, ಮಾರಿದವನ ಅಣ್ಣತಮ್ಮಂದಿರು ಹಾಕ್ಕೊಂಡ ಪಾಲಿನ ದಾವೆ ಅಲ್ಲಿ ಎಲ್ಲಿ ಕಾಣುತ್ತೆ? ಪಾಯ ಹಾಕಿದ ಮೇಲೆ ಡಿಕ್ರಿ ಬಂತು, ಸೈಟು ಇನ್ನೊಬ್ಬ ತಮ್ಮನ ಪಾಲಾಯ್ತು. ಮನೆಯವಳ ಬಳೆ ಅಡ ಇಟ್ಟ ದುಡ್ಡದು. ಮಾರಿದವನ ಮೇಲಿನ ಸಿಟ್ಟು ಇವತ್ತಿಗೂ ಹೋಗಿಲ್ಲ. ನಿನ್ನ ಕೈಯಿಂದ ಇನ್ನೊಂದು ಮನೆಗೆ ಹಾಗೆ ಆಗೋದು ಬೇಡ.

ನಿಮ್ಮ ಅತ್ತೆಯರ ದಾವೆ ಬಿದ್ದೋಗುತ್ತೆ ಅಂತಾನೂ ನೆಚ್ಕೋಬೇಡ. ಪಿತ್ರಾರ್ಜಿತ ಆಸ್ತೀಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಅಂತ 2020ರಲ್ಲಿ ವಿನೀತಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಮಾರೋಕೆ ದಾರಿ ಇಲ್ಲ ಅಂತಲ್ಲ. ಅದೇ 52ನೇ ಕಲಂ ಪ್ರಕಾರ ಕೋರ್ಟಿಗೆ ಅರ್ಜಿ ಹಾಕಿ, ಅದು ಹೇಳೋ ಷರತ್ತಿನ ಮೇಲೆ ಮಾರಬಹುದು. ಅದಕ್ಕಿಂತ ಒಳ್ಳೇದು ಅತ್ತೆಯರೇ ಪತ್ರಕ್ಕೆ ಸಹಿ ಹಾಕೋದು. ಅವರ ಪಾಲಿನ ದುಡ್ಡು ಅವರಿಗೆ ಕೊಟ್ಟು ಕೋರ್ಟಲ್ಲಿ ರಾಜಿ ಮಾಡ್ಕೊಳಿ. ಮಗೂ ಓದಿಗೆ ಅಂದ್ರೆ ಅವರು ಇಲ್ಲ ಅನ್ನಲ್ಲ ಅಂತ ನನ್ನ ನಂಬಿಕೆ.

ಭಾನುವಾರ ಮುಂಗಡ ಕೊಡೋಕೆ ಬರ್ತಾರೆ ಅಂದ್ಯಲ್ಲ, ಅವರಿಗೆ ಇವತ್ತೇ ಫೋನ್ ಮಾಡಿ ಕೇಸ್ ನಂಬರ್ ಹೇಳ್ಬಿಡು. ದುಡ್ಡು ಮುಟ್ಟಬೇಡ. ನಾನು ಶನಿವಾರ ರಾತ್ರಿನೇ ಬರ್ತೀನಿ, ಬೆಳಿಗ್ಗೆ ಇಬ್ರೂ ದೊಡ್ಡತ್ತೆ ಮನೆಗೆ ಹೋಗಣ.